ರಿಸೀವರ್ ಆಫ್ ಆಗುವುದಕ್ಕೆ ಒಂದು ಕಾರಣ, ಮಾತು ಕೇಳಿಸದಿರುವುದಕ್ಕೆ ಇನ್ನೊಂದು

ಪ್ರಶ್ನೆ: ನಮ್ಮ ಮನೆಯಲ್ಲಿ ಎಂಟು ವರ್ಷ ಹಳೆಯದಾದ 5.1 ಚಾನೆಲ್ (ಐದು ಸ್ಪೀಕರ್, ಒಂದು ಸಬ್‌ವೂಫರ್) ಎವಿ ರಿಸೀವರ್, ಅಂದರೆ ಹೋಮ್ ಥಿಯೇಟರಿನ ಆಂಪ್ಲಿಫೈಯರ್ ಪೆಟ್ಟಿಗೆ, ಇದೆ. ಎರಡು ಚಾನೆಲ್ ನಡೆಸಿದಾಗ 8 ಓಮ್‌ನಲ್ಲಿ ತಲಾ 80 ವ್ಯಾಟ್ ಎಂದು ಅದರ ಕೈಪಿಡಿ ಹೇಳುತ್ತದೆ. ಕಳೆದ ವರ್ಷ ಮುಂದಿನ ಮೂರು ಸ್ಪೀಕರ್‌ಗಳನ್ನು ಬದಲಾಯಿಸಿದೆ. ಅವು 4 ಓಮ್, ಸಂವೇದನೆ (ಒಂದು ಮೀಟರ್ ದೂರದಲ್ಲಿ ಹೊಮ್ಮುವ ಧ್ವನಿ) 2.83 ವೋಲ್ಟಿಗೆ 88 ಡೆಸಿಬಲ್. ಸೋಫಾ ಹತ್ತು ಅಡಿ ದೂರದಲ್ಲಿದೆ. ಸಂಭಾಷಣೆ ಸ್ಪಷ್ಟವಾಗಿ ಕೇಳಿಸುವುದಿಲ್ಲ. ವಾಲ್ಯೂಮ್ ಏರಿಸಿದರೆ ಹೊಡೆದಾಟದ ದೃಶ್ಯ ಬಂದಾಗ ರಿಸೀವರ್ ತಾನಾಗಿಯೇ ಆಫ್ ಆಗುತ್ತದೆ. ಅಂಗಡಿಯವರು 100 ವ್ಯಾಟ್‌ನ ಹೊಸ ರಿಸೀವರ್ ಕೊಳ್ಳಿ ಎನ್ನುತ್ತಾರೆ, ಸ್ನೇಹಿತರು ಪ್ರತ್ಯೇಕ ಪವರ್ ಆಂಪ್ಲಿಫೈಯರ್ ಸೇರಿಸಿ ಎನ್ನುತ್ತಾರೆ. ಯಾವುದು ಸರಿ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ದೂರುಗಳಿವೆ. ಆಂಪ್ಲಿಫೈಯರ್ ಬದಲಾಯಿಸುವುದರಿಂದ ಅವುಗಳಲ್ಲಿ ಒಂದು ಮಾತ್ರ ಪರಿಹಾರವಾದೀತು.

ಮೊದಲು ಅಂಗಡಿಯವರ ಸಲಹೆಯನ್ನು ನೋಡೋಣ. ಶಕ್ತಿ ಎರಡು ಪಟ್ಟಾದರೆ ಧ್ವನಿ ಏರುವುದು 3 ಡೆಸಿಬಲ್; ಕಿವಿಗೆ ಎರಡು ಪಟ್ಟು ಜೋರೆನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಆ ಲೆಕ್ಕದಲ್ಲಿ 80 ವ್ಯಾಟ್‌ನಿಂದ 100 ವ್ಯಾಟ್‌ಗೆ ಹೋದರೆ ಸಿಗುವುದು ಕೇವಲ 1 ಡೆಸಿಬಲ್. ಜೊತೆಗೆ, ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ವ್ಯಾಟ್ ಸಂಖ್ಯೆ ಅನೇಕ ವೇಳೆ ಒಂದೇ ಚಾನೆಲ್‌ಗೆ, 6 ಓಮ್‌ನಲ್ಲಿ, 1 ಕಿಲೋಹರ್ಟ್ಸ್‌ನ ಒಂದೇ ಸ್ವರಕ್ಕೆ, ಶೇ 10ರಷ್ಟು ವಿರೂಪವನ್ನು ಒಪ್ಪಿಕೊಂಡು ಅಳೆದದ್ದಾಗಿರುತ್ತದೆ. ನಿಮ್ಮ ಹಳೆಯ ಕೈಪಿಡಿಯ 80 ವ್ಯಾಟ್ ಅದಕ್ಕಿಂತ ಪ್ರಾಮಾಣಿಕವಾದ ಸಂಖ್ಯೆಯಾಗಿರಬಹುದು.

ಇನ್ನು ನಿಮಗೆ ನಿಜವಾಗಿ ಎಷ್ಟು ಬೇಕು? 4 ಓಮ್ ಸ್ಪೀಕರ್‌ಗೆ 2.83 ವೋಲ್ಟ್ ಕೊಟ್ಟರೆ ಅದು 2 ವ್ಯಾಟ್ ಬಳಸುತ್ತದೆ. ಆದ್ದರಿಂದ ನಿಮ್ಮ ಸ್ಪೀಕರ್‌ಗಳ 88 ಡೆಸಿಬಲ್ ಎಂಬುದು ಒಂದು ವ್ಯಾಟ್‌ನ ಲೆಕ್ಕದಲ್ಲಿ 85 ಮಾತ್ರ. ಹತ್ತು ಅಡಿ ದೂರಕ್ಕೆ ಇನ್ನೊಂದು 10 ಡೆಸಿಬಲ್ ಕಳೆಯಿರಿ. ಗೋಡೆಗಳ ಪ್ರತಿಫಲನದಿಂದ ಕೋಣೆಯೊಳಗೆ ನಷ್ಟ ಇಷ್ಟಾಗದು, ಆದರೂ ಧಾರಾಳವಾಗಿಯೇ ಲೆಕ್ಕ ಹಾಕೋಣ. ಕ್ರಮವಾಗಿ ಹೊಂದಿಸಿದ ರಿಸೀವರ್‌ನಲ್ಲಿ ವಾಲ್ಯೂಮ್ ಸೊನ್ನೆಗೆ (ಇಲ್ಲಿ ಸೊನ್ನೆ ಎಂದರೆ ಮೌನವಲ್ಲ, ಚಿತ್ರಮಂದಿರದ ಮಟ್ಟ; ಅದಕ್ಕಿಂತ ತಗ್ಗಿಸಿದಷ್ಟು ಡೆಸಿಬಲ್ ಮೈನಸ್) ಇಟ್ಟಾಗ, ಚಿತ್ರಮಂದಿರದ ಪ್ರಮಾಣದಲ್ಲಿ, ಪ್ರತಿ ಮುಖ್ಯ ಚಾನೆಲ್‌ನ ಅತಿ ಜೋರಿನ ಕ್ಷಣ ಕೂರುವ ಜಾಗದಲ್ಲಿ 105 ಡೆಸಿಬಲ್ ಮುಟ್ಟಬೇಕು. ಅದಕ್ಕೆ ನಿಮ್ಮಲ್ಲಿ 1000 ವ್ಯಾಟ್ ಬೇಕಾಗುತ್ತದೆ! ವಾಲ್ಯೂಮ್ ಮೈನಸ್ 10 ಆದರೆ 100 ವ್ಯಾಟ್ ಸಾಕು, ಮೈನಸ್ 20 ಆದರೆ 10 ವ್ಯಾಟ್. ಮನೆಗಳಲ್ಲಿ ಮೈನಸ್ 10ಕ್ಕಿಂತ ಮೇಲೆ ಕೇಳುವವರು ಕಡಿಮೆ. ಪಕ್ಕದ ಮನೆಯವರೂ ಬಿಡುವುದಿಲ್ಲ.

ಹಾಗಾದರೆ ರಿಸೀವರ್ ಏಕೆ ಆಫ್ ಆಗುತ್ತದೆ? ಅಷ್ಟೇ ವೋಲ್ಟೇಜ್‌ಗೆ 4 ಓಮ್ ಸ್ಪೀಕರ್ 8 ಓಮ್‌ನದಕ್ಕಿಂತ ಎರಡು ಪಟ್ಟು ಕರೆಂಟ್ ಎಳೆಯುತ್ತದೆ, ಮತ್ತು ರಿಸೀವರ್‌ನ ಐದೂ ಚಾನೆಲ್‌ಗಳು ಒಂದೇ ಟ್ರಾನ್ಸ್‌ಫಾರ್ಮರನ್ನು ಹಂಚಿಕೊಳ್ಳುತ್ತವೆ. ಹೊಡೆದಾಟದ ದೃಶ್ಯದಲ್ಲಿ ಎಲ್ಲವೂ ಒಮ್ಮೆಲೇ ಕೈಚಾಚಿದಾಗ ರಕ್ಷಣಾ ಸರ್ಕ್ಯೂಟ್ ಬಾಗಿಲು ಹಾಕುತ್ತದೆ. ಆದರೆ ಹಣ ಖರ್ಚು ಮಾಡುವ ಮೊದಲು ಮೂರು ವಿಷಯ ಪರೀಕ್ಷಿಸಿ. ಸ್ಪೀಕರ್ ತಂತಿಯ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದ್ದರೂ ಹೀಗೆಯೇ ಆಗುತ್ತದೆ. ಮುಚ್ಚಿದ ಟಿ.ವಿ. ಕಪಾಟಿನೊಳಗೆ ರಿಸೀವರ್ ಇದ್ದರೆ ಹೊರಗೆ ತನ್ನಿ, ಮೇಲೆ ಗಾಳಿಯಾಡಲು ಒಂದು ಗೇಣು ಜಾಗವಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಮೆನುವಿನಲ್ಲಿ ಎಲ್ಲ ಸ್ಪೀಕರ್‌ಗಳನ್ನೂ ‘ಸ್ಮಾಲ್’ ಎಂದು ಆರಿಸಿ ಕ್ರಾಸ್‌ಓವರ್ (ಯಾವ ಸ್ವರದಿಂದ ಕೆಳಗಿನದು ಸಬ್‌ವೂಫರ್‌ಗೆ ಹೋಗಬೇಕೆಂಬ ಗಡಿ) 80 ಹರ್ಟ್ಸ್‌ಗೆ ಇಡಿ. ದೊಡ್ಡ ಸ್ಪೀಕರ್ ಕೊಂಡವರಿಗೆ ಈ ಪದ ಅವಮಾನವೆನಿಸುತ್ತದೆ ಎಂಬುದು ನನಗೆ ಗೊತ್ತು. ಆದರೆ ಹೆಚ್ಚು ಕರೆಂಟ್ ಬೇಡುವ ತಗ್ಗು ಸ್ವರಗಳು ಆಗ ತನ್ನದೇ ಆಂಪ್ಲಿಫೈಯರ್ ಹೊಂದಿರುವ ಸಬ್‌ವೂಫರ್‌ಗೆ ಹೋಗುತ್ತವೆ, ರಿಸೀವರ್ ಉಸಿರಾಡುತ್ತದೆ.

ಇಷ್ಟಾದ ಮೇಲೂ ಆಫ್ ಆಗುತ್ತಿದ್ದರೆ ನಿಮ್ಮ ಸ್ನೇಹಿತರ ಮಾತು ಸರಿ: ಮುಂದಿನ ಮೂರು ಸ್ಪೀಕರ್‌ಗಳಿಗೆ ಮೂರು ಚಾನೆಲ್‌ನ ಪವರ್ ಆಂಪ್ಲಿಫೈಯರ್ ಕೊಳ್ಳಿ. ಹಿಂದಿನ ಸರೌಂಡ್‌ಗಳಿಗೆ ಹಳೆಯ ರಿಸೀವರ್ ಧಾರಾಳವಾಗಿ ಸಾಕು. 4 ಓಮ್‌ನಲ್ಲಿ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ಎಲ್ಲ ಚಾನೆಲ್‌ಗಳೂ ನಡೆಯುವಾಗ 150ರಿಂದ 200 ವ್ಯಾಟ್ ಎಂದು ಬರೆದುಕೊಟ್ಟಿರುವುದನ್ನೇ ಆರಿಸಿ. ಕ್ಲಾಸ್ ಡಿ (ಅತಿ ವೇಗವಾಗಿ ಆನ್-ಆಫ್ ಆಗುತ್ತ ಕೆಲಸ ಮಾಡುವ ಬಗೆಯ ಆಂಪ್ಲಿಫೈಯರ್) ಎಂದರೆ ಕರ್ಕಶವೆಂಬ ಹಳೆಯ ಅಭಿಪ್ರಾಯಕ್ಕೆ ಈಗ ಆಧಾರವಿಲ್ಲ; ಹೈಪೆಕ್ಸ್, ಪ್ಯೂರಿಫೈ, ಐಸ್‌ಪವರ್ ಮಾಡ್ಯೂಲ್‌ಗಳನ್ನು ಬಳಸಿದ ಆಂಪ್ಲಿಫೈಯರ್‌ಗಳು ಸಾಂಪ್ರದಾಯಿಕ ಕ್ಲಾಸ್ ಎಬಿ ಬಗೆಯವುಗಳಿಗಿಂತ ಕಡಿಮೆ ಬಿಸಿಯಾಗುತ್ತವೆ, ನಮ್ಮ ಬೇಸಿಗೆಗೆ ಅದೂ ಒಂದು ಗುಣವೇ. ಆದರೆ ಇದಕ್ಕೆ ನಿಮ್ಮ ರಿಸೀವರ್‌ನ ಹಿಂಬದಿಯಲ್ಲಿ ಮುಂದಿನ ಮೂರು ಚಾನೆಲ್‌ಗಳ ಪ್ರೀ-ಔಟ್ (ಹೊರಗಿನ ಆಂಪ್ಲಿಫೈಯರ್‌ಗೆ ಸಂಕೇತ ಕೊಡುವ ಸಾಕೆಟ್) ಇರಬೇಕು. ಸಬ್‌ವೂಫರ್‌ಗೆ ಮಾತ್ರ ಇದ್ದರೆ, ಪ್ರೀ-ಔಟ್ ಇರುವ ಹಾಗೂ 4 ಓಮ್‌ಗೆ ತಯಾರಕರೇ ಒಪ್ಪಿಗೆ ಕೊಟ್ಟಿರುವ ರಿಸೀವರನ್ನು ಮೊದಲು ಕೊಂಡು, ಅದರಲ್ಲೇ ಕೆಲವು ತಿಂಗಳು ಕೇಳಿ ನೋಡಿ. ಆಂಪ್ಲಿಫೈಯರ್ ಸೇರಿಸಿದ ದಿನ ರಿಸೀವರ್ ಜೊತೆಗಿನ ಮೈಕ್ ಇಟ್ಟು ಮತ್ತೊಮ್ಮೆ ಹೊಂದಾಣಿಕೆ ಮಾಡಲು ಮರೆಯಬೇಡಿ, ಏಕೆಂದರೆ ಅದರ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ರಿಸೀವರಿನದಕ್ಕಿಂತ ಬೇರೆ ಇರಬಹುದು.

ಸಂಭಾಷಣೆಯ ದೂರಿಗೂ ಇದಕ್ಕೂ ಸಂಬಂಧ ಕಡಿಮೆ. ಮಧ್ಯದ ಸ್ಪೀಕರ್ ಕಪಾಟಿನ ಒಳಗೆ ಹುದುಗಿದ್ದರೆ ಅಂಚಿಗೆ ತಂದು, ಕೂತವರ ಕಿವಿಯ ಕಡೆಗೆ ತಿರುಗುವಂತೆ ಓರೆ ಮಾಡಿ. ಆ ಚಾನೆಲ್ಲನ್ನು 2 ಅಥವಾ 3 ಡೆಸಿಬಲ್ ಏರಿಸಿ. ಬರಿಯ ಟೈಲ್ಸ್ ನೆಲವಿದ್ದರೆ ಸ್ಪೀಕರ್‌ಗೂ ಸೋಫಾಕ್ಕೂ ನಡುವೆ ದಪ್ಪ ಜಮಖಾನ ಹಾಸಿ.

ಪ್ರಶ್ನೆ: ಅಮೆರಿಕದಲ್ಲಿರುವ ಮಗ ರಜೆಗೆ ಬರುವಾಗ ಅಲ್ಲಿಂದಲೇ ಆಂಪ್ಲಿಫೈಯರ್ ತರುತ್ತೇನೆ ಎನ್ನುತ್ತಾನೆ. ತರಿಸಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹಿಂಬದಿಯಲ್ಲಿ 100–240 ವೋಲ್ಟ್ ಎಂದು ಬರೆದಿದ್ದರೆ, ಇಲ್ಲವೇ 230 ವೋಲ್ಟ್‌ಗೆ ಬದಲಾಯಿಸುವ ಸ್ವಿಚ್ ಇದ್ದರೆ ತರಿಸಿಕೊಳ್ಳಿ. 120 ವೋಲ್ಟ್, 60 ಹರ್ಟ್ಸ್ ಎಂದಷ್ಟೇ ಇದ್ದರೆ ಬೇಡ. ನೇರವಾಗಿ ನಮ್ಮ ಪ್ಲಗ್‌ಗೆ ಹಾಕಿದರೆ ಸುಟ್ಟುಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೂ 60 ಹರ್ಟ್ಸ್‌ಗಷ್ಟೇ ರೂಪಿಸಿದ ಯಂತ್ರ ನಮ್ಮ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗುತ್ತದೆ. ಕೆಟ್ಟರೆ ಇಲ್ಲಿ ವಾರಂಟಿ ಸಿಗುವುದೇ ಎಂಬುದನ್ನೂ ಕೊಳ್ಳುವ ಮೊದಲೇ ಮಗನಿಂದ ಕೇಳಿಸಿ.