ಒಂದೇ ಯಂತ್ರ, ಒಂದೇ ಬಂಡವಾಳ: ಒಬ್ಬರ ಹಾಳೆತಟ್ಟೆ ಘಟಕ ಮಾತ್ರ ಬೆಳೆಯುವುದೇಕೆ?

ಕಾಸರಗೋಡಿನ ಬದಿಯಡ್ಕದ ಕಡೆ ಇಬ್ಬರು ಒಂದೇ ವರ್ಷ, ಅಡಿಕೆ ಮರದ ಹಾಳೆಯನ್ನು ಒತ್ತಿ ತಟ್ಟೆ ಮಾಡುವ ಹಾಳೆತಟ್ಟೆ ಘಟಕ ಹಾಕಿದರು, ಒಬ್ಬರು ಬೆಳೆದರು, ಇನ್ನೊಬ್ಬರು ನಿಂತಲ್ಲೇ ಇದ್ದಾರೆ, ಇದಕ್ಕೆ ಸ್ವಭಾವವೇ ಕಾರಣವೇ ಎಂದು ಕೇಳಿದ್ದೀರಿ. ಬಹುಪಾಲು ಹೌದು ಎನ್ನುತ್ತೇನೆ. ಆದರೆ ಆ ಸ್ವಭಾವವನ್ನು ಮಾತಿನ ಹುಮ್ಮಸ್ಸಿನಲ್ಲಿ ಹುಡುಕಬೇಡಿ, ಮೇ ತಿಂಗಳಲ್ಲಿ ಅವರ ಶೆಡ್ಡಿನೊಳಗೆ ನೋಡಿ.

ದಿನಕ್ಕೆ 300 ಹಾಳೆಯಂತೆ ಜೂನ್‌ನಿಂದ ನವೆಂಬರ್‌ವರೆಗೆ 150 ಕೆಲಸದ ದಿನಕ್ಕೆ 45,000 ಹಾಳೆ ಬೇಕು. ಮಳೆಯಲ್ಲಿ ನೆನೆದ ಹಾಳೆಗೆ ಕಪ್ಪು ಕಲೆ, ಬೂಷ್ಟು. ಹಾಗಾಗಿ ದುಡ್ಡು ಬೇಸಗೆಯಲ್ಲೇ ಹಾಕಬೇಕು. ಸೋಲಿಗೆ ಹೆದರುವವರು 5,000 ಹಾಳೆ ಮಾತ್ರ ತೆಗೆದಿಟ್ಟು ಜೂನ್ ಮುಗಿಯುವುದರೊಳಗೆ ಯಂತ್ರ ನಿಲ್ಲಿಸುತ್ತಾರೆ. ದೊಡ್ಡಸ್ತಿಕೆಗೆ ಬಿದ್ದವರು ಸಾಲ ತಂದು ಶೆಡ್ ತುಂಬಿಸುತ್ತಾರೆ. ನೆಲಕ್ಕೆ ತಾಗಿದ ಸಾಲು ತೇವ ಹೀರಿ ಕೊಳೆಯುತ್ತದೆ. ಬೆಳೆಯುವವರು ಕೈಯಲ್ಲಿರುವ ಆರ್ಡರಿನ ಲೆಕ್ಕ ಹಾಕಿ, ಅದಕ್ಕೆ ಕಾಲು ಭಾಗ ಹೆಚ್ಚು ಕೊಂಡು, ಚೆನ್ನಾಗಿ ಒಣಗಿಸಿ ಹಲಗೆಯ ಮೇಲೆ ಪೇರಿಸುತ್ತಾರೆ.

ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲಂಡ್ ಹೇಳಿದ್ದೂ ಇದನ್ನೇ. ನೆಟ್ಟ ಗೂಟಕ್ಕೆ ಬಳೆ ಎಸೆಯುವ ಆಟದಲ್ಲಿ, ಸಾಧಿಸುವ ಹಂಬಲ ಹೆಚ್ಚಿರುವವರು ತೀರ ಹತ್ತಿರವೂ ಅಲ್ಲದ, ತೀರ ದೂರವೂ ಅಲ್ಲದ ಜಾಗದಲ್ಲಿ ನಿಲ್ಲುತ್ತಾರೆ. ಮೆಕ್‌ಲೆಲಂಡ್ ಅವರ ತಂಡ 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ಈ ಹಂಬಲವನ್ನೇ ತರಬೇತಿಯಲ್ಲಿ ಕಲಿಸಿತು. ಕಲಿತವರು ಕಲಿಯದವರಿಗಿಂತ ಹೆಚ್ಚಾಗಿ ಹೊಸ ಉದ್ಯಮಕ್ಕೆ, ವಿಸ್ತರಣೆಗೆ ಕೈಹಾಕಿದರು. ಅಂದರೆ ಸ್ವಭಾವ ಹಣೆಬರಹವಲ್ಲ. ನನಗೆ ಬಹಳ ಮುಖ್ಯ ಅನಿಸುವ ಮಾತು ಇದು.

ಶುರುಮಾಡಿದ ಉದ್ದೇಶವನ್ನೂ ನೋಡಬೇಕು. ಗಲ್ಫಿನಿಂದ ಬಂದು, ಇನ್ನೊಂದು ವೀಸಾ ಸಿಗುವವರೆಗೆ ಎಂದು ಹಾಕಿದ ಘಟಕದಲ್ಲಿ ಲಾಭವೆಲ್ಲ ತಿಂಗಳು ತಿಂಗಳೂ ಮನೆಗೆ ಹೋಗುತ್ತದೆ, ಎರಡನೇ ಯಂತ್ರಕ್ಕೆ ಏನೂ ಉಳಿಯುವುದಿಲ್ಲ. ಅದು ತಪ್ಪಲ್ಲ, ಆದರೆ ಅದರಿಂದ ಬೆಳವಣಿಗೆ ನಿರೀಕ್ಷಿಸಬಾರದು.

ಕಷ್ಟಪಟ್ಟು ದುಡಿಯುವವರೂ ಸಿಕ್ಕಿಬೀಳುವ ಜಾಗ ಒಂದಿದೆ: ಎಲ್ಲವೂ ತನ್ನ ಕೈಯಿಂದಲೇ ಆಗಬೇಕೆಂಬ ಹಟ. ಅಚ್ಚಿನ ಬಿಸಿ ಹೆಚ್ಚಾದರೆ ತಟ್ಟೆ ಕರಟುತ್ತದೆ, ಕಡಿಮೆಯಾದರೆ ಅಂಚು ಬಿಚ್ಚುತ್ತದೆ. ಇದು ಯಜಮಾನರಿಗೆ ಮಾತ್ರ ಗೊತ್ತಿದ್ದರೆ ಅವರು ಕುಂಬಳೆಗೆ ಆರ್ಡರ್ ಕೇಳಲು ಹೋದ ದಿನ ಕೆಲಸವೇ ಇಲ್ಲ. ಒತ್ತುವ ಮೊದಲು ಒಣ ಹಾಳೆಯನ್ನು ನೀರಲ್ಲಿ ನೆನೆಸುವ ಹೊತ್ತು, ಅಚ್ಚಿನ ಬಿಸಿ, ಒತ್ತಿ ಹಿಡಿಯುವ ಸೆಕೆಂಡು, ಈ ಮೂರನ್ನೂ ಗೋಡೆಯ ಮೇಲೆ ಬರೆದು, ಕೆಲಸದವರಲ್ಲಿ ಒಬ್ಬರಿಗೆ ಹದಿನೈದು ದಿನ ಯಂತ್ರ ಬಿಟ್ಟುಕೊಡಲಿ. ಮೊದಲ ವಾರ ಒಂದಷ್ಟು ತಟ್ಟೆ ಹಾಳಾಗುತ್ತದೆ. ಅದನ್ನು ದಿನವೂ ಎಣಿಸಿ ಬರೆದಿಡಿ, ಬೈಯಬೇಡಿ.