ಓದುಗರ ಪ್ರಶ್ನೆ: ಹಡಗಿಗೆ ಹಳ್ಳಿಯವರೇ ಯಜಮಾನರಾದರೆ?

ಪ್ರಶ್ನೆ: ಅಲಾಸ್ಕಾದಲ್ಲಿ ದೊಡ್ಡ ಮೀನುಗಾರಿಕೆ ಹಡಗುಗಳು ಹಳ್ಳಿಯವರ ಕೈಯಲ್ಲೇ ಇವೆಯಂತೆ, ನಿಜವಾ ಸಾರ್? ರಸ್ತೆಯೂ ಇಲ್ಲದ ಊರಿನವರು ಅಷ್ಟು ದುಡ್ಡು ಎಲ್ಲಿಂದ ತಂದರು?
– ಓದುಗರೊಬ್ಬರು, ಮಲ್ಪೆ

ಉತ್ತರ: ನಿಜ. ಶುರುವಿನಲ್ಲಿ ಅವರ ಹತ್ತಿರ ದುಡ್ಡಿರಲಿಲ್ಲ, ಪಾಲು ಸಿಕ್ಕಿತು. ಅಲಾಸ್ಕಾ ಪಕ್ಕದ ಬೇರಿಂಗ್ ಸಮುದ್ರದಲ್ಲಿ ಪೊಲಾಕ್ ಅನ್ನುವ ಮೀನು ರಾಶಿ ರಾಶಿ ಇದೆ. ಇತ್ತೀಚಿನ ವರ್ಷಗಳಲ್ಲಿ ಹಿಡಿಯಲು ಕೊಟ್ಟಿರುವ ಮಿತಿಯೇ ಸುಮಾರು 13 ಲಕ್ಷ ಟನ್. ಮೊದಲು ವಿದೇಶಿ ಹಡಗುಗಳು, ಆಮೇಲೆ ಸಿಯಾಟಲ್ ಕಡೆಯ ಕಂಪನಿಗಳು ಅದನ್ನು ಬಾಚಿಕೊಂಡು ಹೋಗುತ್ತಿದ್ದವು. ದಡದ ಹಳ್ಳಿಗಳಿಗೆ ಅದರಿಂದ ಏನೂ ದಕ್ಕುತ್ತಿರಲಿಲ್ಲ. 1992ರಲ್ಲಿ ಸರ್ಕಾರ ಈ ಮೀನಿನಲ್ಲಿ ಶೇ 7.5ರಷ್ಟನ್ನು ದಡದಿಂದ 50 ಮೈಲಿ ಒಳಗಿರುವ ಮೂಲನಿವಾಸಿ ಹಳ್ಳಿಗಳಿಗೆ ಎತ್ತಿಟ್ಟಿತು. ಆಮೇಲೆ ಅದು ಶೇ 10 ಆಯಿತು, ಏಡಿ, ಹ್ಯಾಲಿಬಟ್ ಮುಂತಾದವೂ ಸೇರಿದವು. ಇವತ್ತು 65 ಹಳ್ಳಿಗಳು ಆರು ಸಂಘಗಳಾಗಿ ಇದನ್ನು ನಡೆಸುತ್ತಿವೆ. ಮೊದಮೊದಲು ಸಂಘಗಳು ತಮ್ಮ ಪಾಲನ್ನು ಕಂಪನಿಗಳಿಗೇ ಗುತ್ತಿಗೆಗೆ ಕೊಟ್ಟವು. ಬಂದ ದುಡ್ಡು ಕೂಡಿಸಿ ಹಡಗುಗಳಲ್ಲಿ ಷೇರು ಕೊಂಡವು, ಕೊನೆಗೆ ಹಡಗನ್ನೇ ಕೊಂಡವು. 20 ಹಳ್ಳಿಗಳ ‘ಕೋಸ್ಟಲ್ ವಿಲೇಜಸ್’ ಸಂಘಕ್ಕೆ ‘ನಾರ್ದರ್ನ್ ಹಾಕ್’ ಅನ್ನುವ ಹಡಗು ಪೂರ್ತಿ ಸ್ವಂತದ್ದು. ಮೀನು ಹಿಡಿಯುವುದು, ಕೊಯ್ಯುವುದು, ಹೆಪ್ಪುಗಟ್ಟಿಸುವುದು ಎಲ್ಲ ಅದರ ಮೇಲೇ ಆಗುತ್ತದೆ.

ಪ್ರಶ್ನೆ: ಲಾಭ ಬಂದರೆ ಊರಿನ ಸಾಮಾನ್ಯ ಮನೆಗೆ ಏನು ಸಿಗುತ್ತದೆ? ಸಂಘದ ದೊಡ್ಡವರೇ ತಿಂದು ಹಾಕುವುದಿಲ್ಲವೇ?
– ಗೃಹಿಣಿ, ಹೊನ್ನಾವರ

ಉತ್ತರ: ಒಳ್ಳೆಯ ಪ್ರಶ್ನೆ ಅಮ್ಮ. ಆಡಳಿತ ಮಂಡಳಿಯಲ್ಲಿ ನೂರಕ್ಕೆ 75 ಜನ ಅದೇ ಊರುಗಳ ಮೀನುಗಾರರಾಗಿರಬೇಕು, ಪ್ರತಿ ಹಳ್ಳಿಗೂ ಒಬ್ಬ ಪ್ರತಿನಿಧಿ ಇರಬೇಕು ಅಂತ ಕಾನೂನೇ ಹೇಳುತ್ತದೆ. ಹೂಡುವ ದುಡ್ಡಿನಲ್ಲಿ ಹೆಚ್ಚೆಂದರೆ ಶೇ 20 ಮಾತ್ರ ಮೀನುಗಾರಿಕೆಯ ಹೊರಗೆ ಹೋಗಬಹುದು.

ಅಲ್ಲಿಯ ಬದುಕು ಹೇಗಿದೆ ನೋಡಿ. ಚಳಿಗಾಲದಲ್ಲಿ ನದಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಮನೆ ಬೆಚ್ಚಗಿಡುವ ಎಣ್ಣೆ, ಕರೆಂಟಿಗೆ ಬೇಕಾದ ಡೀಸೆಲ್ ಬೇಸಿಗೆಯಲ್ಲೇ ದೋಣಿಯಲ್ಲಿ ಬಂದು ಊರಿನ ಟ್ಯಾಂಕ್ ಸೇರಬೇಕು. ಆಗ ದರ ಜಾಸ್ತಿ ಇದ್ದರೆ ಚಳಿಗಾಲ ಪೂರ್ತಿ ಅದೇ ದರಕ್ಕೆ ಕೊಳ್ಳಬೇಕು. 2009ರ ಚಳಿಗಾಲದಲ್ಲಿ ಯೂಕಾನ್ ನದಿಯ ಬಾಯಿಯಲ್ಲಿರುವ ಎಮೊನಾಕ್ ಕಡೆ, ಹಿಂದಿನ ಬೇಸಿಗೆಯ ಮೀನೂ ಕೈಕೊಟ್ಟಿದ್ದರಿಂದ, ಎಣ್ಣೆ ಕೊಳ್ಳುವುದೋ ಊಟಕ್ಕೆ ಕೊಳ್ಳುವುದೋ ಅನ್ನುವ ಸ್ಥಿತಿ ಬಂದಿತ್ತು. ಇಂಥ ಕಡೆ ನಾರ್ಟನ್ ಸೌಂಡ್ ಅನ್ನುವ ಕೊಲ್ಲಿ ಭಾಗದ ಸಂಘ ಮನೆಗಳ ಕರೆಂಟ್ ಖರ್ಚಿಗೆ ನೆರವು ಕೊಡುತ್ತದೆ. ಕೋಸ್ಟಲ್ ವಿಲೇಜಸ್‌ನವರು ಹಳ್ಳಿಗಳಲ್ಲಿ ರಿಪೇರಿ ಶೆಡ್ ಕಟ್ಟಿದ್ದಾರೆ, ಕೆಟ್ಟ ಔಟ್‌ಬೋರ್ಡ್ ಎಂಜಿನ್ ಅಲ್ಲೇ ಸರಿಯಾಗುತ್ತದೆ. ಹತ್ತಿರದ ಪಟ್ಟಣಕ್ಕೂ ವಿಮಾನ ಬೇಕಾದ ಊರಲ್ಲಿ ಇದು ಎಷ್ಟು ದೊಡ್ಡ ಸಹಾಯ ಅಂತ ದೋಣಿ ಇರುವ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ತಪ್ಪುಗಳೂ ಆಗಿವೆ. ಪ್ಲಾಟಿನಮ್ ಅನ್ನುವ ಊರಿನಲ್ಲಿ ಕೋಸ್ಟಲ್ ವಿಲೇಜಸ್ ಸಂಘ 2009ರಲ್ಲಿ ದೊಡ್ಡ ಖರ್ಚಿನಲ್ಲಿ ತೆರೆದ ಸಾಲ್ಮನ್ ಮೀನಿನ ಕಾರ್ಖಾನೆ ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿತು. ಅದನ್ನೇ ನಂಬಿ ಮೀನು ಮಾರುತ್ತಿದ್ದವರ ಸಿಟ್ಟು ನ್ಯಾಯವಾದದ್ದೇ.

ಪ್ರಶ್ನೆ: ಪೊಲಾಕ್ ಹಿಡಿಯುವ ಆ ಟ್ರಾಲ್ (ಬಲೆ ಎಳೆದುಕೊಂಡು ಹೋಗುವ) ಹಡಗುಗಳ ಬಲೆಗೆ ಸಾಲ್ಮನ್ ಕೂಡ ಬೀಳುತ್ತದೆ, ಹಳ್ಳಿಯವರ ಊಟದ ಮೀನು ಅದೇ ಅಲ್ವಾ? ತಮ್ಮ ಹಡಗೇ ತಮ್ಮ ತಟ್ಟೆಗೆ ಕೈ ಹಾಕಿದ ಹಾಗಾಯಿತು.
– ವಿದ್ಯಾರ್ಥಿ, ಬೆಂಗಳೂರು

ಉತ್ತರ: ನನ್ನನ್ನು ಬಹಳ ಕಾಡುವುದೂ ಇದೇ. ಅಲ್ಲಿಯ ಮೂಲನಿವಾಸಿಗಳಾದ ಯೂಪಿಕ್ ಜನರ ಮನೆಗಳಲ್ಲಿ ಬೇಸಿಗೆ ಅಂದರೆ ನದಿ ದಡದ ಬಿಡಾರ, ಅರ್ಧಚಂದ್ರದ ಆಕಾರದ ಚೂರಿ ಹಿಡಿದು ಹೆಂಗಸರು ಸಾಲ್ಮನ್ ಉದ್ದುದ್ದ ಸೀಳಿ, ಗಳಕ್ಕೆ ನೇತುಹಾಕಿ, ದಿನಗಟ್ಟಲೆ ಹೊಗೆ ಹಾಕಿ ಚಳಿಗಾಲಕ್ಕೆ ಎತ್ತಿಡುವುದು, ಮಕ್ಕಳು ಅಜ್ಜಿಯ ಪಕ್ಕ ಕೂತು ಅದನ್ನೇ ಕಲಿಯುವುದು. 2021ರಲ್ಲಿ ಯೂಕಾನ್‌ನಲ್ಲಿ ಚಿನೂಕ್, ಚಮ್ ಎರಡು ಜಾತಿಯ ಸಾಲ್ಮನ್‌ಗಳೂ ಕುಸಿದವು. ಮನೆಯೂಟಕ್ಕೆ ಹಿಡಿಯುವುದಕ್ಕೂ ನಿಷೇಧ ಬಂತು. ಅಲಾಸ್ಕಾದ್ದೇ ಆದ ಬ್ರಿಸ್ಟಲ್ ಕೊಲ್ಲಿಯ ಮೀನನ್ನು ವಿಮಾನದಲ್ಲಿ ತರಿಸಿ ಹಂಚಬೇಕಾಯಿತು. 2024ರಲ್ಲಿ ಅಲಾಸ್ಕಾ ಮತ್ತು ಕೆನಡಾ ಸೇರಿ ಯೂಕಾನ್ ಚಿನೂಕ್ ಹಿಡಿಯುವುದನ್ನು ಏಳು ವರ್ಷ ನಿಲ್ಲಿಸಿದವು.

ಅದೇ 2021ರಲ್ಲಿ ಪೊಲಾಕ್ ಹಡಗುಗಳ ಬಲೆಗೆ 5 ಲಕ್ಷಕ್ಕೂ ಹೆಚ್ಚು ಚಮ್ ಬಿದ್ದವು. ಅವುಗಳಲ್ಲಿ ಜಾಸ್ತಿ ಪಾಲು ಏಷ್ಯಾ ಕಡೆಯ ಮೀನುಮರಿ ಸಾಕುವ ಕೇಂದ್ರಗಳಿಂದ ಬಂದವು, ಅಲಾಸ್ಕಾದ ಈ ನದಿಗಳದ್ದು ಸಣ್ಣ ಪಾಲು ಅಂತ ವಂಶವಾಹಿ ಪರೀಕ್ಷೆ ತೋರಿಸಿದೆ. ಕುಸಿತಕ್ಕೆ ದೊಡ್ಡ ಕಾರಣ ಸಮುದ್ರ ಬಿಸಿಯಾದದ್ದು ಅಂತ ವಿಜ್ಞಾನಿಗಳು ಹೇಳುತ್ತಾರೆ. ಇದೆಲ್ಲ ಸರಿ. ಆದರೆ ನದಿಯಲ್ಲಿ ಅಜ್ಜಿಗೆ ಒಂದು ಮೀನು ಹಿಡಿಯಲೂ ಬಿಡದೆ, ಸಮುದ್ರದಲ್ಲಿ ಸಾವಿರಗಟ್ಟಲೆ ಸತ್ತರೆ ಪರವಾಗಿಲ್ಲ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಬಲೆಗೆ ಬೀಳುವ ಸಾಲ್ಮನ್‌ಗೆ ಗಟ್ಟಿಯಾದ ಮಿತಿ ಬೇಕು, ಅದರಿಂದ ಸಂಘದ ಆದಾಯ ಕಡಿಮೆಯಾದರೂ ಸರಿ. ಸಂಘಗಳನ್ನೇ ಮುಚ್ಚಿ ಅನ್ನುವವರ ಜೊತೆ ಮಾತ್ರ ನಾನಿಲ್ಲ. ನದಿ ಖಾಲಿಯಾದ ವರ್ಷ ಆ ಊರುಗಳಿಗೆ ಸಂಬಳ ತಂದುಕೊಟ್ಟದ್ದು ಅದೇ ಪೊಲಾಕ್. ಹಡಗು ಹೊರಗಿನ ಕಂಪನಿಯದ್ದೇ ಆಗಿದ್ದರೆ ಮೀನೂ ಇಲ್ಲ, ದುಡ್ಡೂ ಇಲ್ಲ, ಪ್ರಶ್ನೆ ಕೇಳಲು ಕುರ್ಚಿಯೂ ಇಲ್ಲ.

ಪ್ರಶ್ನೆ: ನಮ್ಮ ಕರಾವಳಿಯಲ್ಲಿ ಇದು ಸಾಧ್ಯವಾ?
– ನಿವೃತ್ತ ಮೇಷ್ಟ್ರು, ಕಾರವಾರ

ಉತ್ತರ: ಮೇಷ್ಟ್ರೇ, ರಂಪಣಿ ಕಾಲ ನೀವು ನೋಡಿರುತ್ತೀರಿ. ಊರೆಲ್ಲ ಸೇರಿ ಬಲೆ ಎಳೆದು, ಬಂದ ಬಂಗುಡೆ ಪಾಲು ಹಾಕಿಕೊಳ್ಳುತ್ತಿದ್ದರು. 1970ರ ದಶಕದಲ್ಲಿ ದೊಡ್ಡ ಸುತ್ತುಬಲೆಯ ಪರ್ಸೀನ್ ಬೋಟ್ ಬಂದ ಮೇಲೆ ಮೀನು ದಡಕ್ಕೆ ಬರುವ ಮುಂಚೆಯೇ ಅದರ ಪಾಲಾಯಿತು. ಅಲಾಸ್ಕಾದ ಹಾಗೆ ಒಂದೊಂದು ಜಾತಿಯ ಮೀನಿಗೂ ಒಂದು ಕೋಟಾ ಇಲ್ಲಿ ಕಷ್ಟ, ನಮ್ಮ ಒಂದೇ ಬಲೆಯಲ್ಲಿ ಹತ್ತಾರು ಜಾತಿ ಬೀಳುತ್ತವೆ. ಆದರೆ 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ತಂದ ನಿಯಮಗಳಲ್ಲಿ ಆಳಸಮುದ್ರ ಮೀನುಗಾರಿಕೆಗೆ ಮೀನುಗಾರರ ಸಹಕಾರ ಸಂಘಗಳಿಗೆ ಆದ್ಯತೆ ಅಂತ ಬರೆದಿದ್ದಾರೆ. ನಿಮ್ಮ ಊರಿನ ಸಂಘದ ಮುಂದಿನ ಸಭೆಯಲ್ಲಿ ಇದನ್ನು ಎತ್ತಿ. ಬೋಟ್ ಸಂಘದ ಹೆಸರಲ್ಲಿ ಇದ್ದು ಓಡಿಸಿ ಲಾಭ ತಿನ್ನುವವರು ಬೇರೆ ಆಗಬಾರದು, ಲೆಕ್ಕಪತ್ರ ಎಲ್ಲ ಸದಸ್ಯರ ಕೈಗೂ ಸಿಗಬೇಕು. ಈ ಎರಡನ್ನು ಮೊದಲೇ ಠರಾವಿನಲ್ಲಿ ಬರೆಸಿಬಿಡಿ.