ಏಜೆನ್ಸಿ ತನ್ನ ಮಾರ್ಜಿನ್ ಎಷ್ಟು ಅಂತ ಹೇಳದಿದ್ದರೆ ನಂಬಬಹುದಾ?

ಆರು ತಿಂಗಳ ಪ್ರಾಜೆಕ್ಟ್‌ಗೆ ಏಜೆನ್ಸಿ ಮೂಲಕ ಕನ್ಸಲ್ಟೆಂಟ್ ತೆಗೆದುಕೊಳ್ಳುತ್ತಿದ್ದೀರಿ, ಅವರು ಮಾರ್ಜಿನ್ ಹೇಳುತ್ತಿಲ್ಲ ಅಂತ ಬರೆದಿದ್ದೀರಿ. ಮಾರ್ಜಿನ್, ಅಂದರೆ ನಿಮ್ಮ ಬಿಲ್‌ಗೂ ಕನ್ಸಲ್ಟೆಂಟ್ ಸಂಬಳಕ್ಕೂ ನಡುವೆ ಏಜೆನ್ಸಿಗೆ ಉಳಿಯುವ ಹಣ, ಇಟ್ಟುಕೊಳ್ಳುವುದು ತಪ್ಪಲ್ಲ. ಮುಚ್ಚಿಡುವುದು ತಪ್ಪು.

ತಿಂಗಳಿಗೆ 2 ಲಕ್ಷದ ಬಿಲ್ ಅಂದುಕೊಳ್ಳಿ. 18% ಜಿಎಸ್‌ಟಿ ಸೇರಿ 2,36,000 ಆಗುತ್ತದೆ, ಆ 36,000 ತೆರಿಗೆ, ಅದನ್ನು ಬಿಡಿ. ಕನ್ಸಲ್ಟೆಂಟ್‌ಗೆ ಸಂಬಳ 1,40,000. ನಡುವಿನ 60,000 ಪೂರ್ತಿ ಲಾಭವಲ್ಲ. ಅವರು ಏಜೆನ್ಸಿಯ ಪೇರೋಲ್‌ನಲ್ಲಿದ್ದರೆ ಏಜೆನ್ಸಿ ಕಟ್ಟಬೇಕಾದ ಪಿಎಫ್ ಪಾಲು, ಇನ್ಶೂರೆನ್ಸ್ ಅದರಲ್ಲೇ ಬರಬೇಕು. ನೀವು ಬಿಲ್ ಕಟ್ಟುವುದು 60 ದಿನಕ್ಕೆ, ಏಜೆನ್ಸಿ ಸಂಬಳ ಕೊಡಬೇಕಾದ್ದು ತಿಂಗಳಿಗೆ, ಅಲ್ವಾ? ಅಲ್ಲಿಯವರೆಗೆ ಹಣ ಹೊಂದಿಸುವ ಖರ್ಚೂ ಅದರಲ್ಲೇ. "ಈ 60,000 ಬಿಡಿಸಿ ತೋರಿಸಿ" ಅಂತ ನೇರವಾಗಿ ಕೇಳಿ. ನುಣುಚಿಕೊಂಡರೆ ಬೇರೆಯವರನ್ನು ನೋಡಿ.

ಬ್ರಿಟನ್‌ನಲ್ಲಿ 2020ರ ಏಪ್ರಿಲ್‌ನಿಂದ ಈ ಬಗ್ಗೆ ನಿಯಮವೇ ಇದೆ. ಸಂಬಳ ಎಷ್ಟು, ಕಡಿತ ಏನೇನು ಅನ್ನುವ ಹಾಳೆಯನ್ನು ಏಜೆನ್ಸಿ ಒಪ್ಪಂದಕ್ಕೆ ಮುಂಚೆಯೇ ಕೆಲಸಗಾರರ ಕೈಗೆ ಕೊಡಬೇಕು. ನೀವೂ ಒಪ್ಪಂದದಲ್ಲಿ ಇದನ್ನೇ ಷರತ್ತಾಗಿ ಹಾಕಿಸಬಹುದು.

ಹಣಕ್ಕಿಂತ ನನಗೆ ಜಾಸ್ತಿ ಚಿಂತೆ ರೆಸ್ಯೂಮೆಯದ್ದು. ಏಜೆನ್ಸಿ ಕಳಿಸಿದ ಪ್ರತಿಯಲ್ಲಿ "8 ವರ್ಷ ಅನುಭವ" ಅಂತ ಇರುತ್ತದೆ, ಅಭ್ಯರ್ಥಿ ಬರೆದದ್ದು 5 ಇರಬಹುದು. ಇಂಟರ್‌ವ್ಯೂ ದಿನ ಅದೇ ಪ್ರತಿಯನ್ನು ಅವರಿಗೆ ತೋರಿಸಿ, "ಇದು ನೀವೇ ಬರೆದದ್ದಾ?" ಅಂತ ಕೇಳಿ. ವಿಡಿಯೋದಲ್ಲಿ ಮಾತಾಡಿದವರೇ ಮೊದಲ ದಿನ ಬಂದಿದ್ದಾರಾ ಅಂತಲೂ ಗುರುತಿನ ಚೀಟಿ ನೋಡಿ ಖಚಿತಪಡಿಸಿಕೊಳ್ಳಿ.

ಇನ್ನೊಂದು, ಮುಂದೆ ಅವರನ್ನು ಕಾಯಂ ಮಾಡಿಕೊಂಡರೆ ಏಜೆನ್ಸಿಗೆ ಎಷ್ಟು ಕೊಡಬೇಕು ಅನ್ನುವುದನ್ನು ಈಗಲೇ ಬರೆಸಿಕೊಳ್ಳಿ.